ಹತ್ತನೆಯ ತರಗತಿಯ ಆಚೆಗೆ: ಗಡಿನಾಡಿನ ಶಾಲೆಗೆ ಬೇಕಾದ ಮಾರ್ಗದರ್ಶನ

ಕೇರಳದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾದ ಬೆನ್ನಿಗೇ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳ ಮುಂದೆ ಪ್ಲಸ್ ವನ್ ಪ್ರವೇಶದ ಏಕಗವಾಕ್ಷಿ ಅರ್ಜಿ ಬಂದು ನಿಲ್ಲುತ್ತದೆ. ತುಂಬಲು ದೊರೆಯುವುದು ಕೆಲವೇ ದಿನಗಳ ಅವಕಾಶ. ಮನೆಯಲ್ಲಿ ತಂದೆತಾಯಿಗೆ ಆ ಅರ್ಜಿಯ ಭಾಷೆ ತಿಳಿಯದು. ಶಾಲೆಗೆ ಬೇಸಗೆ ರಜೆ. ಕೊನೆಗೆ ಅಕ್ಷಯ ಕೇಂದ್ರದ ಗಣಕದ ಮುಂದೆ ಕುಳಿತವರು ‘ಯಾವ ಶಾಲೆ, ಯಾವ ವಿಷಯ’ ಎಂದು ಕೇಳುತ್ತಾರೆ. ಪಕ್ಕದ ಮನೆಯ ಅಣ್ಣ ಹೇಳಿದ್ದೋ, ಗೆಳತಿ ಬರೆದದ್ದೋ ಉತ್ತರವಾಗುತ್ತದೆ. ಮುಂದಿನ ಐದಾರು ವರ್ಷಗಳ ಓದಿನ ದಿಕ್ಕು ಹೀಗೆ ಹತ್ತು ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ. ಶಾಲೆಯೊಂದು ಹತ್ತು ವರ್ಷ ಪಾಠ ಹೇಳಿ, ಅತ್ಯಂತ ಅಗತ್ಯವಾದ ಹತ್ತು ನಿಮಿಷಗಳಲ್ಲಿ ಮಗುವಿನ ಜತೆಗೆ ಇಲ್ಲದಿರುವುದು ಸಣ್ಣ ಲೋಪವಲ್ಲ.

ಈ ಅರ್ಜಿಯ ಒಳಗನ್ನು ಸ್ವಲ್ಪ ನೋಡಿದರೆ ಲೋಪದ ಬೆಲೆ ತಿಳಿಯುತ್ತದೆ. ಅದರಲ್ಲಿ ‘ಆಯ್ಕೆ’ ಎಂದರೆ ಬರಿಯ ಶಾಲೆಯ ಹೆಸರಲ್ಲ. ಒಂದು ಶಾಲೆ ಮತ್ತು ಅಲ್ಲಿನ ಒಂದು ವಿಷಯ ಸಂಯೋಜನೆ ಸೇರಿದರೆ ಒಂದು ಆಯ್ಕೆ. ಆಯ್ಕೆಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ಆಯಾ ಸಂಯೋಜನೆಗೆ ಸಂಬಂಧಿಸಿದ ವಿಷಯಗಳ ಗ್ರೇಡಿಗೆ ಹೆಚ್ಚಿನ ತೂಕವಿರುವುದರಿಂದ ಒಬ್ಬನೇ ವಿದ್ಯಾರ್ಥಿ ಒಂದು ಸಂಯೋಜನೆಯಲ್ಲಿ ಮೇಲೆಯೂ ಇನ್ನೊಂದರಲ್ಲಿ ಕೆಳಗೂ ಇರಬಹುದು. ಕೆಳಗಿನ ಆಯ್ಕೆ ಸಿಕ್ಕಿದವರು ತಾತ್ಕಾಲಿಕ ಪ್ರವೇಶ ಪಡೆದು ಮೇಲಿನದಕ್ಕಾಗಿ ಕಾಯಬಹುದು. ಮೊದಲ ಆಯ್ಕೆಯೇ ಸಿಕ್ಕಿದರೆ ಖಾಯಂ ಪ್ರವೇಶ ಪಡೆಯಲೇಬೇಕು. ಸೀಟು ಸಿಕ್ಕಿಯೂ ಹೋಗದವರು ಸಾಲಿನಿಂದ ಹೊರಬೀಳುತ್ತಾರೆ. ಇಷ್ಟೆಲ್ಲದರ ನಡುವೆ ಕನ್ನಡದ ಮಗು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಆ ಶಾಲೆಯಲ್ಲಿ ದ್ವಿತೀಯ ಭಾಷೆಯಾಗಿ ಕನ್ನಡ ಕಲಿಸುತ್ತಾರೆಯೆ? ವಿಷಯ ಸಂಯೋಜನೆಯ ಸಂಕೇತ ಸಂಖ್ಯೆ ಅದನ್ನು ಹೇಳುವುದಿಲ್ಲ. ಹೇಳಬೇಕಾದವರು ಮನುಷ್ಯರು.

ಅಂಥ ಮನುಷ್ಯರು ಶಾಲೆಯಲ್ಲಿ ಇರಬೇಕೆಂಬ ಮಾತು ಹೊಸದಲ್ಲ. 1952-53ರ ಮಾಧ್ಯಮಿಕ ಶಿಕ್ಷಣ ಆಯೋಗ, ಅಂದರೆ ಮುದಲಿಯಾರ್ ಆಯೋಗ, ಪ್ರೌಢಶಾಲೆಗಳಲ್ಲಿ ತರಬೇತಿ ಪಡೆದ ಮಾರ್ಗದರ್ಶಕರನ್ನೂ ವೃತ್ತಿಮಾರ್ಗ ತಿಳಿಸುವ ಶಿಕ್ಷಕರನ್ನೂ ಒದಗಿಸಬೇಕೆಂದು ಶಿಫಾರಸು ಮಾಡಿತ್ತು. 1964-66ರ ಕೊಠಾರಿ ಆಯೋಗ ಇನ್ನೂ ಮುಂದೆ ಹೋಗಿ, ಮಾರ್ಗದರ್ಶನವು ಶಿಕ್ಷಣದ ಅವಿಭಾಜ್ಯ ಅಂಗವೆಂದಿತು. ಕೇರಳದ ಹೈಯರ್ ಸೆಕೆಂಡರಿ ವಿಭಾಗದಲ್ಲಿ ವೃತ್ತಿ ಮಾರ್ಗದರ್ಶನ ಹಾಗೂ ಹದಿಹರೆಯದವರ ಆಪ್ತಸಮಾಲೋಚನೆಗೆಂದೇ ಒಂದು ಘಟಕವಿದೆ. ಪಾಠದ ಹೊರೆಯ ಜತೆಗೇ ಒಬ್ಬ ಅಧ್ಯಾಪಕರು ಶಾಲೆಯಲ್ಲಿ ಆ ಹೊಣೆಯನ್ನೂ ಹೊರುತ್ತಾರೆ. ಆದರೆ ಆ ವ್ಯವಸ್ಥೆ ವಿದ್ಯಾರ್ಥಿಗೆ ಎದುರಾಗುವುದು ಪ್ಲಸ್ ವನ್ ಸೇರಿದ ಮೇಲೆ, ಅಂದರೆ ಮೊದಲ ದೊಡ್ಡ ಆಯ್ಕೆ ಮುಗಿದ ಮೇಲೆ. ಪ್ರೌಢಶಾಲೆಗೆ ಬರುವ ಕೌನ್ಸಿಲರ್ ಇದ್ದರೂ ಅವರ ಕೆಲಸ ಬೇರೆ. ಊರವರ ಮಾತಿನಲ್ಲಿ ಕೌನ್ಸಿಲರ್ ಎಂದರೆ ಮಗು ಮಂಕಾಗಿ ಕುಳಿತಾಗ, ಮನೆಯಲ್ಲಿ ಜಗಳವಾದಾಗ ಮಾತನಾಡಿಸುವವರು. ಆ ಕೆಲಸ ಅತ್ಯಗತ್ಯ. ಆದರೆ ಓದಿನ ಯೋಜನೆಯೂ ಅಷ್ಟೇ ತಿಳಿವಳಿಕೆ ಬೇಡುವ ಬೇರೊಂದು ಕೆಲಸವೆಂಬುದು ಇನ್ನೂ ಊರಿಗಿಳಿದಿಲ್ಲ.

ಆ ಕೆಲಸದ ಸ್ವರೂಪವೇನು? ‘ನಿನಗೇನು ಇಷ್ಟ’ ಎಂದು ಕೇಳಿ ಕೋರ್ಸುಗಳ ಪಟ್ಟಿಯೊಂದನ್ನು ಕೈಗೆ ಕೊಡುವುದಲ್ಲ. ಒಳ್ಳೆಯ ಮಾರ್ಗದರ್ಶಕರು ತುದಿಯಿಂದ ಬುಡಕ್ಕೆ ಲೆಕ್ಕ ಹಾಕುತ್ತಾರೆ. ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಿಕೆಯಾಗಬೇಕೆಂದು ಬಯಸುವ ಹುಡುಗಿಗೆ ಕನ್ನಡದಲ್ಲಿ ಪದವಿ ಬೇಕು, ಅದರ ಮೇಲೆ ಬಿ.ಎಡ್. ಬೇಕು, ಕೆ-ಟೆಟ್ ಅರ್ಹತೆ ಬೇಕು, ಬಳಿಕ ಪಿಎಸ್‌ಸಿ ಪರೀಕ್ಷೆ. ಪ್ಲಸ್ ವನ್‌ನಿಂದ ಎಣಿಸಿದರೆ ಎರಡು, ಮೂರು, ಎರಡು ಎಂದು ಏಳು ವರ್ಷ. ಈ ಏಳು ವರ್ಷಗಳ ಖರ್ಚನ್ನು ಮನೆ ತಾಳುತ್ತದೆಯೆ, ವಿದ್ಯಾರ್ಥಿವೇತನ ಯಾವ ಹಂತದಲ್ಲಿ ದೊರೆಯುತ್ತದೆ, ನಡುವೆ ನಿಲ್ಲಬೇಕಾಗಿ ಬಂದರೆ ಕೈಯಲ್ಲಿ ಏನಿರುತ್ತದೆ ಎಂಬುದನ್ನು ಮೊದಲೇ ಹಾಳೆಯ ಮೇಲೆ ಬರೆದು ನೋಡುವುದೇ ಯೋಜನೆ. ಹಾಗೆಯೇ ಪ್ಲಸ್ ವನ್‌ನಲ್ಲಿ ಗಣಿತ ಬಿಟ್ಟವನಿಗೆ ಎಂಜಿನಿಯರಿಂಗ್ ಬಾಗಿಲು ಮುಚ್ಚುತ್ತದೆ; ಜೀವಶಾಸ್ತ್ರ ಬಿಟ್ಟವಳಿಗೆ ವೈದ್ಯಕೀಯದ ಬಾಗಿಲು. ವಿಜ್ಞಾನ ಓದಿದವರು ಆಮೇಲೆ ಸಾಹಿತ್ಯಕ್ಕೆ ಬರಬಹುದು. ಮಾನವಿಕ ವಿಷಯ ಓದಿದವರು ಭೌತಶಾಸ್ತ್ರಕ್ಕೆ ಹೋಗಲಾಗದು. ಯಾವ ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ, ಯಾವುದು ಒಂದೇ ಕಡೆಗೆ ಎಂಬುದನ್ನು ಮುಂಚಿತವಾಗಿ ತಿಳಿಸುವುದು ಮಾರ್ಗದರ್ಶನದ ಮೊದಲ ಪಾಠ. ಆಯ್ಕೆ ವಿದ್ಯಾರ್ಥಿಯದೇ, ಆದರೆ ಅದು ತಿಳಿದು ಮಾಡಿದ ಆಯ್ಕೆಯಾಗಬೇಕು.

ಇಷ್ಟು ಮಾತು ಎಲ್ಲ ಊರಿನ ಶಾಲೆಗೂ ಸಲ್ಲುತ್ತದೆ. ಗಡಿನಾಡಿನ ಶಾಲೆಯಲ್ಲಿ ಇದರ ಮೇಲೆ ಮತ್ತೊಂದು ಪದರವಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡ ವಿದ್ಯಾರ್ಥಿಯ ಕಣ್ಣ ಮುಂದೆ ಎರಡು ರಾಜ್ಯಗಳ ನಿಯಮಾವಳಿಗಳಿವೆ. ಪರೀಕ್ಷೆ ಕೇರಳದ್ದು, ಮುಂದಿನ ಕಾಲೇಜು ಹಲವು ವೇಳೆ ಮಂಗಳೂರಿನದು. ತಿರುವನಂತಪುರದಿಂದ ಬರುವ ಮಾರ್ಗದರ್ಶನದ ಕೈಪಿಡಿಗೆ ಮಂಗಳೂರು ಪರರಾಜ್ಯ. ಬೆಂಗಳೂರಿನ ಕೈಪಿಡಿಗೆ ಮಂಜೇಶ್ವರ ಪರರಾಜ್ಯ. ಎರಡನ್ನೂ ಓದಿ ಜೋಡಿಸಿ ಹೇಳುವವರು ಊರಿನಲ್ಲಿಯೇ ಇರಬೇಕು.

ಒಂದು ಉದಾಹರಣೆ ಸಾಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ವೃತ್ತಿಶಿಕ್ಷಣದ ಪ್ರವೇಶಕ್ಕೆ ಗಡಿನಾಡ ಕನ್ನಡಿಗರಿಗಾಗಿ ಪ್ರತ್ಯೇಕ ಅರ್ಹತಾ ನಿಯಮವನ್ನು ಇಟ್ಟಿದೆ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ವಿದ್ಯಾರ್ಥಿಗಳಿಗೆ ಅದು ಅನ್ವಯಿಸುತ್ತದೆ. ಅದಕ್ಕೆ ತಕ್ಕ ಪ್ರಮಾಣಪತ್ರಗಳನ್ನು ಸಿದ್ಧವಿಟ್ಟುಕೊಳ್ಳಬೇಕು. ಕನ್ನಡ ಭಾಷಾ ಪರೀಕ್ಷೆಯೊಂದಕ್ಕೆ ಹಾಜರಾಗಬೇಕು. ಈ ಸೌಲಭ್ಯ ಹೆಸರಿಗೆ ಎಲ್ಲರದು, ನಿಜದಲ್ಲಿ ತಿಳಿದವರದು. ಅಣ್ಣನೋ ಅಕ್ಕನೋ ಮೊದಲೇ ಆ ದಾರಿಯಲ್ಲಿ ಹೋಗಿರುವ ಮನೆಗೆ ಅದು ಗೊತ್ತು. ಮನೆಯಲ್ಲಿ ಮೊದಲ ಬಾರಿಗೆ ಪ್ಲಸ್ ಟು ಮುಗಿಸಿದ ಹುಡುಗನಿಗೆ ಕೊನೆಯ ದಿನಾಂಕ ಕಳೆದ ಮೇಲೆ ತಿಳಿಯುತ್ತದೆ. ಗಡಿನಾಡಿನ ಹಕ್ಕುಗಳ ಬಗ್ಗೆ ಭಾಷಣಗಳಿಗೆ ಕೊರತೆಯಿಲ್ಲ. ಆ ಹಕ್ಕನ್ನು ಪಡೆಯಲು ಯಾವ ತಿಂಗಳು ಯಾವ ಕಚೇರಿಗೆ ಹೋಗಬೇಕೆಂದು ಹೇಳುವವರಿಗೆ ಕೊರತೆಯಿದೆ.

ಇಲ್ಲಿ ಭಾಷೆಯೇ ಯೋಜನೆಯ ಒಂದು ಭಾಗವಾಗುತ್ತದೆ. ‘ಕನ್ನಡ ಓದಿ ಏನು ಪ್ರಯೋಜನ’ ಎಂಬ ಹೆತ್ತವರ ಪ್ರಶ್ನೆಯನ್ನು ಅಭಿಮಾನದ ಮಾತಿನಿಂದ ಮುಚ್ಚಿಹಾಕುವುದು ಸರಿಯಲ್ಲ. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಲೆಕ್ಕದ ಉತ್ತರವೇ ಬೇಕು. ಕೇರಳ ಪಿಎಸ್‌ಸಿ ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲ ಗುಮಾಸ್ತರ ಹುದ್ದೆಗಳಿಗೆ ಪ್ರತ್ಯೇಕವಾಗಿ ಅರ್ಜಿ ಕರೆಯುತ್ತದೆ. ಕನ್ನಡ ಮಾಧ್ಯಮದ ಕಿರಿಯ, ಹಿರಿಯ ಪ್ರಾಥಮಿಕ ಶಾಲೆಗಳಿಗೂ ಪ್ರೌಢಶಾಲೆಗಳಿಗೂ ಪ್ರತ್ಯೇಕ ಅಧ್ಯಾಪಕ ಹುದ್ದೆಗಳಿವೆ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಮುಖ್ಯ ಪರೀಕ್ಷೆಯಲ್ಲಿ ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ಆಯ್ದುಕೊಂಡರೆ 250 ಅಂಕಗಳ ಎರಡು ಪತ್ರಿಕೆಗಳು. ಅದಕ್ಕೆ ಕನ್ನಡದಲ್ಲಿಯೇ ಪದವಿ ಇರಬೇಕೆಂದಿಲ್ಲ. ಇವೆಲ್ಲ ನಿಜವಾದ ದಾರಿಗಳು. ಅಷ್ಟೇ ನಿಜವಾದ ಇನ್ನೊಂದು ಮಾತೆಂದರೆ ಈ ಹುದ್ದೆಗಳ ಸಂಖ್ಯೆ ಸೀಮಿತ, ಕೇರಳದಲ್ಲಿ ದುಡಿಯುವವರಿಗೆ ಮಲಯಾಳದ ತಿಳಿವು ಅನಿವಾರ್ಯ. ಕನ್ನಡವನ್ನು ಉಳಿಸಿಕೊಂಡು ಮಲಯಾಳವನ್ನೂ ಕಲಿ ಎಂದು ಹೇಳುವ ಮಾರ್ಗದರ್ಶಕರು ಕನ್ನಡಕ್ಕೆ ದ್ರೋಹ ಬಗೆಯುವುದಿಲ್ಲ. ಕನ್ನಡದ ಮಗುವನ್ನು ಸಬಲಗೊಳಿಸುತ್ತಾರೆ.

ಕನ್ನಡ ವಿಭಾಗಗಳು ಇಲ್ಲಿಯೇ ಒಂದು ಅಪಾಯದಿಂದ ಪಾರಾಗಬೇಕಾಗಿದೆ. ಸೀಟು ಖಾಲಿ ಉಳಿದರೆ ವಿಭಾಗಕ್ಕೆ ಕುತ್ತು ಎಂಬ ಭಯ ಸಹಜ. ಆ ಭಯದಿಂದ ಶಾಲೆಗಳಿಗೆ ಹೋಗಿ ‘ಕನ್ನಡ ಐಚ್ಛಿಕಕ್ಕೆ ಬನ್ನಿ’ ಎಂದು ಕರೆಯುವುದು ಪ್ರಚಾರವಾಗುತ್ತದೆ, ಮಾರ್ಗದರ್ಶನವಾಗುವುದಿಲ್ಲ. ಗಣಿತದಲ್ಲಿ ಚುರುಕಾದ ಕನ್ನಡ ಮಾಧ್ಯಮದ ಹುಡುಗಿಯನ್ನು ಭಾಷಾಭಿಮಾನದ ಹೆಸರಿನಲ್ಲಿ ಕನ್ನಡ ಬಿ.ಎ.ಗೆ ಸೇರಿಸಿದರೆ ಆ ವರ್ಷ ವಿಭಾಗದ ಹಾಜರಿ ಪಟ್ಟಿಗೆ ಒಂದು ಹೆಸರು ಹೆಚ್ಚಾಗಬಹುದು. ಆದರೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಹಳೆಯ ಗೋಳು ಯಾವುದು? ಗಣಿತಕ್ಕೆ, ಭೌತಶಾಸ್ತ್ರಕ್ಕೆ, ಸಮಾಜ ವಿಜ್ಞಾನಕ್ಕೆ ಕನ್ನಡ ಬಾರದ ಅಧ್ಯಾಪಕರು ನೇಮಕಗೊಂಡು ಬಂದಾಗ ಮಕ್ಕಳೂ ಹೆತ್ತವರೂ ಬೀದಿಗಿಳಿದು ಪ್ರತಿಭಟಿಸಿದ್ದನ್ನು ಈ ನಾಡು ಮತ್ತೆ ಮತ್ತೆ ಕಂಡಿದೆ. ಆ ಪ್ರತಿಭಟನೆ ನ್ಯಾಯವಾದದ್ದು. ಆದರೆ ಹುದ್ದೆ ಕನ್ನಡ ಬಲ್ಲವರಿಗೇ ಸಲ್ಲಬೇಕೆಂದು ಕೇಳುವಾಗ, ಆ ಹುದ್ದೆಗೆ ಅರ್ಹರಾದ, ಕನ್ನಡದಲ್ಲಿ ಗಣಿತ ಹೇಳಬಲ್ಲ ಬಿ.ಎಸ್ಸಿ., ಬಿ.ಎಡ್. ಪದವೀಧರರು ಸಾಕಷ್ಟು ಮಂದಿ ಸಾಲಿನಲ್ಲಿ ನಿಂತಿರಬೇಕು. ಅವರು ನೇಮಕಾತಿಯ ದಿನ ಹುಟ್ಟಿಬರುವುದಿಲ್ಲ. ಏಳು ವರ್ಷ ಮೊದಲು ಪ್ಲಸ್ ವನ್ ಅರ್ಜಿ ತುಂಬುವ ಹೊತ್ತಿಗೆ ಸಿದ್ಧವಾಗತೊಡಗುತ್ತಾರೆ.

ಆದುದರಿಂದ ಗಡಿನಾಡಿನ ಕನ್ನಡಕ್ಕೆ ಕನ್ನಡ ಪದವೀಧರರು ಎಷ್ಟು ಬೇಕೋ, ಕನ್ನಡ ಬಲ್ಲ ಗಣಿತ ಪದವೀಧರರೂ ಅಷ್ಟೇ ಬೇಕು. ಆ ಹುಡುಗಿಗೆ ಕೊಡಬೇಕಾದ ಸಲಹೆ ಸರಳವಾದದ್ದು: ಗಣಿತವಿರುವ ವಿಜ್ಞಾನ ಸಂಯೋಜನೆ ತೆಗೆದುಕೋ, ಕನ್ನಡ ದ್ವಿತೀಯ ಭಾಷೆಯಾಗಿ ಇರುವ ಶಾಲೆಯನ್ನೇ ಮೇಲಿನ ಆಯ್ಕೆಯಾಗಿ ಬರೆ, ಪದವಿಯಲ್ಲಿಯೂ ಅವಕಾಶವಿರುವಷ್ಟು ಕನ್ನಡ ಪತ್ರಿಕೆಗಳನ್ನು ಬಿಡಬೇಡ. ಇದು ಅವಳ ಹಿತವನ್ನೂ ಭಾಷೆಯ ಹಿತವನ್ನೂ ಒಂದೇ ಹಾದಿಯಲ್ಲಿ ನಡೆಸುವ ಮಾತು. ಸಾಹಿತ್ಯದ ಮೇಲೆ ನಿಜವಾದ ಒಲವಿರುವವರು ಕನ್ನಡ ವಿಭಾಗಕ್ಕೆ ಬರಲಿ, ದಾರಿ ತಿಳಿದೇ ಬರಲಿ. ಅಂಥವರಿಂದ ವಿಭಾಗ ಬೆಳೆಯುತ್ತದೆ.

ಬಂದವರಿಗೂ ಯೋಜನೆ ಮುಗಿಯಿತೆಂದಲ್ಲ. 2024ರಿಂದ ಕೇರಳದ ವಿಶ್ವವಿದ್ಯಾನಿಲಯಗಳಲ್ಲಿ ನಾಲ್ಕು ವರ್ಷಗಳ ಪದವಿ ಕ್ರಮ ಜಾರಿಗೆ ಬಂದಿದೆ. ಮೂರು ವರ್ಷಕ್ಕೆ ಪದವಿ ಪಡೆದು ಹೊರಡುವವರಿಗೆ 133 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್‌ಗೆ 177 ಕ್ರೆಡಿಟ್. ಮೂರು ವರ್ಷಗಳ ಲೆಕ್ಕದಲ್ಲಿ ಒಂದು ಸೆಮಿಸ್ಟರಿಗೆ ಸರಾಸರಿ 22 ಕ್ರೆಡಿಟ್. ಯುಜಿಸಿಯ ಚೌಕಟ್ಟಿನಂತೆ ಸಂಶೋಧನೆಯೊಂದಿಗಿನ ಆನರ್ಸ್ ಬಯಸುವವರು ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75 ಅಂಕ ಗಳಿಸಿರಬೇಕು. ಆರನೆಯ ಸೆಮಿಸ್ಟರಿನಲ್ಲಿ ಎಚ್ಚರಗೊಂಡವರಿಗೆ ಈ ಶೇ. 75 ದೂರದ ಬೆಟ್ಟ. ಮೊದಲ ಸೆಮಿಸ್ಟರಿನಲ್ಲಿ ತಿಳಿದಿದ್ದವರಿಗೆ ಹತ್ತಬಹುದಾದ ಗುಡ್ಡ. ಯಾವ ಮೈನರ್ ತೆಗೆದುಕೊಂಡರೆ ಮುಂದಕ್ಕೆ ಒದಗುತ್ತದೆ, ನಾಲ್ಕನೆಯ ವರ್ಷ ಉಳಿಯುವುದೋ ಮೂರಕ್ಕೇ ಬಿ.ಎಡ್.ಗೆ ಹೋಗುವುದೋ ಎಂಬ ಪ್ರಶ್ನೆಗಳು ಕನ್ನಡ ಐಚ್ಛಿಕದ ಪ್ರತಿ ವಿದ್ಯಾರ್ಥಿಗೂ ಇವೆ. ಇವನ್ನು ಕ್ಯಾಂಟೀನಿನ ಹರಟೆಗೆ ಬಿಡುವುದು ತರವಲ್ಲ.

ಎಲ್ಲ ಮಾಹಿತಿ ಮೊಬೈಲಿನಲ್ಲಿಯೇ ಇರುವಾಗ ಮಾರ್ಗದರ್ಶಕರೇಕೆ ಎಂದು ಕೇಳುವವರುಂಟು. ಮಾಹಿತಿ ಇದೆ, ನಿಜ. ಆದರೆ ತನಗೆ ಯಾವುದು ಅನ್ವಯಿಸುತ್ತದೆ ಎಂಬುದು ಮಾಹಿತಿಯೊಳಗೆ ಇರುವುದಿಲ್ಲ. ತುಳುವೋ ಕೊಂಕಣಿಯೋ ಮನೆಮಾತಾಗಿ, ಕನ್ನಡ ಶಾಲೆಯ ಮಾತಾಗಿ, ಮಲಯಾಳ ಕಚೇರಿಯ ಮಾತಾಗಿ, ಇಂಗ್ಲಿಷ್ ಅರ್ಜಿಯ ಮಾತಾಗಿರುವ ಮಗುವಿಗೆ ಈ ನಾಲ್ಕರ ನಡುವೆ ದಾರಿ ತೋರಿಸಲು ಎದುರಿಗೆ ಕುಳಿತು ಕೇಳುವ ಒಬ್ಬರು ಬೇಕು. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. ತಿಳಿದ ಭಾಷೆಯಲ್ಲಿ ಪಾಠ ಸಿಗಬೇಕೆಂಬ ತತ್ತ್ವವನ್ನು ಒಪ್ಪಿದ ಮೇಲೆ, ತಿಳಿದ ಭಾಷೆಯಲ್ಲಿ ಸಲಹೆ ಸಿಗಬೇಕೆಂಬುದನ್ನು ಒಪ್ಪದಿರಲು ಕಾರಣವಿಲ್ಲ.

ಹುದ್ದೆ ಸೃಷ್ಟಿಸುವುದು ಸರಕಾರದ ಕೆಲಸ. ಕನ್ನಡ ಬಲ್ಲ, ತರಬೇತಿ ಪಡೆದ ಮಾರ್ಗದರ್ಶಕರು ಕನ್ನಡ ಮಾಧ್ಯಮದ ಪ್ರೌಢಶಾಲೆಗಳಿಗೆ ಬೇಕೆಂಬ ಬೇಡಿಕೆ ಕನ್ನಡ ಸಂಘಟನೆಗಳ ಮನವಿಪತ್ರಗಳಲ್ಲಿ ಮೇಲಿನ ಸಾಲಿಗೆ ಬರಬೇಕು. ಅಲ್ಲಿಯವರೆಗೆ ಈ ಭಾರವನ್ನು ಹೊರುತ್ತಿರುವವರು, ತರಗತಿ ಮುಗಿದ ಮೇಲೆ ಮಕ್ಕಳ ಅರ್ಜಿಗಳನ್ನು ತಿದ್ದಿಕೊಡುವ ಶಾಲೆಯ ಕನ್ನಡ ಅಧ್ಯಾಪಕರು. ಅವರ ಭಾರವನ್ನು ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಹಂಚಿಕೊಳ್ಳಬಹುದು. ಎರಡು ರಾಜ್ಯಗಳ ಅರ್ಜಿ, ಪ್ರಮಾಣಪತ್ರ, ಪರೀಕ್ಷೆಗಳ ತಿಂಗಳುವಾರು ಪಟ್ಟಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುವುದು, ಯಾವ ಹೈಯರ್ ಸೆಕೆಂಡರಿ ಶಾಲೆಯಲ್ಲಿ ಕನ್ನಡ ದ್ವಿತೀಯ ಭಾಷೆ ಇದೆಯೆಂದು ವಿಚಾರಿಸಿ ಅದಕ್ಕೆ ಸೇರಿಸುವುದು, ಪ್ರತಿ ಅಧಿಕೃತ ಪ್ರಕಟಣೆ ಬಂದಾಗ ಅದನ್ನು ಪರಿಷ್ಕರಿಸುವುದು, ಒಂಬತ್ತನೆಯ ತರಗತಿಯ ಮಕ್ಕಳಿಗೂ ಹೆತ್ತವರಿಗೂ ಅದನ್ನು ಓದಿ ಹೇಳುವುದು — ಇಷ್ಟಕ್ಕೆ ಹಣ ಬೇಡ, ಆದೇಶ ಬೇಡ. ಹತ್ತನೆಯ ತರಗತಿಯ ಫಲಿತಾಂಶಕ್ಕೆ ಕಾಯುವುದೂ ಬೇಡ. ಈ ಮಾತು ಒಂಬತ್ತರಲ್ಲಿ ಆರಂಭವಾದರೆ ಮಾತ್ರ ಆ ಹತ್ತು ನಿಮಿಷಗಳ ಅರ್ಜಿಯ ಹಿಂದೆ ಒಂದು ವರ್ಷದ ಯೋಚನೆ ಇರುತ್ತದೆ.