ಹಲಸಿನ ಮದ್ದಳೆ, ಫೈಬರ್ ಮದ್ದಳೆ ಮತ್ತು ನಮ್ಮ ಮಾವ

ಆಟಿ ತಿಂಗಳಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಮಳೆ ಅಂದ್ರೆ ಮಳೆ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಮಾವನ ಮನೆ ಜಗಲಿಯಲ್ಲಿ ಇದ್ದದ್ದು ಎರಡೇ: ಹಲಸಿನ ಹಪ್ಪಳ ಮತ್ತು ಜಗಳ :-)

ಜಗಳ ಮಾವನ ಮದ್ದಳೆ ಬಗ್ಗೆ. ಮಾವ ಸುಳ್ಯ ಕಡೆಯವರು, ಅಡಿಕೆ ಕೃಷಿಕರು. ಸುತ್ತಮುತ್ತ ಎಲ್ಲೇ ತಾಳಮದ್ದಳೆ ಇದ್ದರೂ ಮದ್ದಳೆ ಹೆಗಲಿಗೇರಿಸಿ ಹೊರಟುಬಿಡುವ ಜಾತಿ. ಆ ಮದ್ದಳೆ ಅವರ ಅಪ್ಪನ ಕಾಲದ್ದು, ಹಲಸಿನ ಮರದ ಕಳಸಿಗೆ (ಗೊತ್ತಿಲ್ಲದವರಿಗೆ: ಕಳಸಿಗೆ ಅಂದ್ರೆ ಚರ್ಮ ಬಿಟ್ಟು ಉಳಿದ ಮರದ ಗೂಡು). ಈ ವರ್ಷ ಅದರ ಅಂಚಿನಲ್ಲಿ ಒಂದು ಸೀಳು ಬಿಟ್ಟಿದೆ. ಕಡಬದಿಂದ ಬಂದಿದ್ದ ಭಾವ ಹೇಳಿದ, "ಮಾವ, ಇನ್ನು ಇದನ್ನು ಅಟ್ಟಕ್ಕೆ ಹಾಕಿ. ಫೈಬರ್‌ನದ್ದು ತಕ್ಕೊಳ್ಳಿ. ಅಳತೆ ಎಲ್ಲ ಹಳೇದರದ್ದೇ."

"ಅಳತೆ ಅದೇ ಇದ್ರೆ ಆಯ್ತಾ ಮಾರಾಯ? ನಾದ?" ಅಂದ್ರು ಮಾವ. ಅಷ್ಟೇ, ಸಂಜೆ ಮುಗಿಯಿತು.

ಭಾವನಿಗೂ ಅವನದ್ದೇ ಕಷ್ಟ ಉಂಟು. ಅವನು ಚಿಕ್ಕಮೇಳಕ್ಕೆ ಹೋಗುವವನು. ಪತ್ತನಾಜೆಗೆ ದೊಡ್ಡ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ಸಂಜೆಗಳಲ್ಲಿ ನಾಲ್ಕೈದು ಜನ ಮನೆಮನೆಗೆ ಹೋಗಿ ಸಣ್ಣದೊಂದು ಪ್ರಸಂಗದ ತುಣುಕು ಆಡುತ್ತಾರಲ್ಲ, ಅದು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಷ್ಟರಲ್ಲಿ ಚರ್ಮ ತೇವ ಎಳೆದು ಶ್ರುತಿ ಕೆಳಗಿಳಿದಿರುತ್ತದೆ. ಪ್ರತಿ ಮನೆಯಲ್ಲೂ "ಒಂಚೂರು ಒಲೆ ಬುಡಕ್ಕೆ ಇಡ್ತೇನೆ" ಅಂತ ಕೇಳಲಿಕ್ಕೆ ಆಗುತ್ತದಾ? ಈಗ ಎಷ್ಟೋ ಮನೆಗಳಲ್ಲಿ ಒಲೆಯೇ ಇಲ್ಲ, ಗ್ಯಾಸ್!

ನನಗೆ ಇದೆಲ್ಲ ಕೇಳುವಾಗ ಬೆಂಗಳೂರಿನ ಆಫೀಸು ನೆನಪಾಯಿತು. ಪಕ್ಕದ ಸೀಟಿನವನು ವೀಕೆಂಡ್ ಡ್ರಮ್ಮರ್. ಅವನ ಲೋಕದಲ್ಲೂ ಥೇಟ್ ಇದೇ ಜಗಳ. ಅಮೆರಿಕದ ಲುಡ್ವಿಗ್ ಕಂಪನಿ 1972ರಲ್ಲಿ ವಿಸ್ಟಾಲೈಟ್ ಅಂತ ಅಕ್ರಿಲಿಕ್ ಡ್ರಮ್ ತಂದಿತು. ಗಾಜಿನ ಹಾಗೆ ಆಚೆ ಈಚೆ ಕಾಣುವ ಡ್ರಮ್. ಲೆಡ್ ಜೆಪ್ಲಿನ್‌ನ ಜಾನ್ ಬೋನಮ್ 1973ರಲ್ಲಿ ಜೇನಿನ ಬಣ್ಣದ್ದನ್ನು ಬಾರಿಸಿದ ಮೇಲೆ ಅದಕ್ಕೆ ಭಾರೀ ಹೆಸರು. ಆಮೇಲೆ ಅದು ನಿಂತುಹೋಗಿ 2001ರಲ್ಲಿ ಅದೇ ಹೆಸರಲ್ಲಿ ಮತ್ತೆ ಬಂತು. "ಹಳೇದರ ಸೌಂಡೇ ಬೇರೆ" ಅನ್ನುವವರು ಒಂದು ಕಡೆ, "ಎಲ್ಲ ನಿಮ್ಮ ಭ್ರಮೆ" ಅನ್ನುವವರು ಇನ್ನೊಂದು ಕಡೆ. ಅವನಿಗೆ ನಾನೊಂದು ಪ್ರಶ್ನೆ ಕೇಳಿದ್ದೆ: ಹಳೇ ಡ್ರಮ್ಮಿನ ಮೇಲೆ ಬಿಗಿದಿರುವ ಹಾಳೆ ಯಾವಾಗಿನದ್ದು? ಅವನು ತಲೆ ಕೆರೆದುಕೊಂಡ. ಹೋದ ವರ್ಷದ್ದು! ಡ್ರಮ್ಮಿನ ಮುಖಕ್ಕೆ ಪ್ಲಾಸ್ಟಿಕ್ ಹಾಳೆ ಬಂದದ್ದು 1957ರ ಆಸುಪಾಸಿನಲ್ಲಿ. ಅದು ಬಡಿದು ಬಡಿದು ಹಾಳಾಗುವ ವಸ್ತು. ಐವತ್ತು ವರ್ಷದ ಗೂಡಿಗೆ ಹೋದ ವರ್ಷದ ಹಾಳೆ ಹಾಕಿ "ಆಹಾ, ಎಪ್ಪತ್ತರ ದಶಕದ ಸೌಂಡು" ಅಂತ ಕಣ್ಣು ಮುಚ್ಚುವುದು.

ಅದೇ ಪ್ರಶ್ನೆ ಜಗಲಿಯಲ್ಲಿ ಮಾವನಿಗೂ ಕೇಳಿದೆ. "ಮಾವ, ಅಜ್ಜನ ಮದ್ದಳೆಯ ಮುಚ್ಚಿಗೆ ಎಷ್ಟು ಸಲ ಬದಲಾಗಿದೆ?"

"ಅದು ಲೆಕ್ಕ ಇಟ್ಟವರು ಯಾರು? ಬೇಕಾದಷ್ಟು ಸಲ."

ಹಾಗಾದ್ರೆ ಅಜ್ಜನ ನಾದ ಎಲ್ಲಿದೆ, ಮರದಲ್ಲಾ ಚರ್ಮದಲ್ಲಾ?

ಎಂಜಿನಿಯರಿಂಗ್ ಓದಿದ ತಪ್ಪಿಗೆ ಪರೀಕ್ಷೆ ಮಾಡದೆ ಬಿಡಲಿಕ್ಕೆ ಮನಸ್ಸು ಬರಲಿಲ್ಲ. ಮರುದಿನ ಭಾವ ತನ್ನ ಫೈಬರ್ ಮದ್ದಳೆ ತಂದ. ಅದಕ್ಕೆ ಮುಚ್ಚಿಗೆಯೂ ಪ್ಲಾಸ್ಟಿಕ್ ಹಾಳೆಯದ್ದೇ. ಅವನ ಜೊತೆಗಾರನ ಹತ್ತಿರ ಅಂಥದ್ದೇ ಫೈಬರ್ ಕಳಸಿಗೆ, ಆದರೆ ಚರ್ಮದ ಮುಚ್ಚಿಗೆ. ಅದನ್ನು ಮಾಡಿದವರು ಪುತ್ತೂರು ಕಡೆಯ ಒಬ್ಬ ಹಿರಿಯರು, ಮಾವನ ಮದ್ದಳೆಗೂ ಅವರೇ. ಚರ್ಮದವೆರಡನ್ನು ಬೆಚ್ಚಗೆ ಮಾಡಿ, ಮೂರನ್ನೂ ಒಂದೇ ಶ್ರುತಿಗೆ ತಂದು, ಮಾವನನ್ನು ಗೋಡೆ ಕಡೆ ಮುಖ ಮಾಡಿ ಕೂರಿಸಿದೆವು. ಬಾರಿಸಿದ್ದು ಭಾವ, ಮೊಬೈಲಲ್ಲಿ ರೆಕಾರ್ಡ್ ಮಾಡಿದ್ದು ನಾನು.

ಪ್ಲಾಸ್ಟಿಕ್ ಮುಚ್ಚಿಗೆಯದ್ದನ್ನು ಮಾವ ಎರಡೇ ಪೆಟ್ಟಿಗೆ ಹಿಡಿದರು. "ಇದು ಡಬ್ಬ." ಆದರೆ ಹಲಸು ಯಾವುದು, ಚರ್ಮ ಬಿಗಿದ ಫೈಬರ್ ಯಾವುದು ಅಂತ ಕೇಳಿದಾಗ ಒಮ್ಮೆ ಸರಿ ಹೇಳಿದರು, ಆಮೇಲೆ ಎರಡು ಸಲ ತಪ್ಪಿದರು. ನಾಲ್ಕನೇ ಸಲಕ್ಕೆ "ಒಳಗೆ ಹೋಗಿ ಚಾ ಆಯ್ತಾ ನೋಡು" ಅಂದ್ರು :-)

ಮೂರು ಜನ, ಒಂದು ಜಗಲಿ, ಹಂಚಿನ ಮೇಲೆ ಮಳೆ... ಇದನ್ನು ಸಂಶೋಧನೆ ಅನ್ನುವಷ್ಟು ಧೈರ್ಯ ನನಗಿಲ್ಲ. ಆದರೆ ಬೆಂಗಳೂರಿಗೆ ಬಂದು ರೆಕಾರ್ಡಿಂಗನ್ನು ಕಂಪ್ಯೂಟರಲ್ಲಿ ಹರಡಿ ನೋಡಿದಾಗಲೂ ಹಾಗೆಯೇ ಕಂಡಿತು. ಪ್ಲಾಸ್ಟಿಕ್ ಮುಚ್ಚಿಗೆಯಲ್ಲಿ ಮೇಲಿನ ಸ್ವರಗಳು ಬೇಡದಿದ್ದರೂ ಗುಂಯ್ ಅಂತ ಉಳಿದುಕೊಳ್ಳುತ್ತವೆ. ಚರ್ಮದಲ್ಲಿ ಅವು ಬೇಗ ಅಡಗಿ ಮೂಲ ಸ್ವರ ನಿಲ್ಲುತ್ತದೆ.

ಇದರ ಹಿಂದಿನ ವಿಜ್ಞಾನ ನೂರು ವರ್ಷ ಹಳೆಯದು. 1920ರಲ್ಲಿ ಸಿ.ವಿ. ರಾಮನ್ 'ನೇಚರ್' ಪತ್ರಿಕೆಯಲ್ಲಿ ನಮ್ಮ ಮೃದಂಗ, ತಬಲಗಳ ಬಗ್ಗೆ ಬರೆದಿದ್ದರು. 1934ರಲ್ಲಿ ಇನ್ನೂ ವಿಸ್ತಾರವಾಗಿ ಬರೆದರು. ಬರೀ ಹಾಳೆ ಬಿಗಿದ ಡ್ರಮ್ಮಿನಲ್ಲಿ ಮೇಲಿನ ಸ್ವರಗಳು ಮೂಲ ಸ್ವರದ ಜೊತೆ ಹೊಂದುವುದಿಲ್ಲ, ಅದಕ್ಕೇ ಅದು ಢಬ್ ಅನ್ನುತ್ತದೆ. ನಡುವೆ ಕರಣೆ ಹಾಕಿ ಭಾರ ಮಾಡಿದಾಗ ಅವು ಎರಡು ಪಟ್ಟು, ಮೂರು ಪಟ್ಟು ಹೀಗೆ ಸಾಲಾಗಿ ನಿಲ್ಲುತ್ತವೆ. ಅದಕ್ಕೇ ಮದ್ದಳೆ ಭಾಗವತರ ಶ್ರುತಿಗೆ ಕೂರುತ್ತದೆ. ಅಂದ್ರೆ ನಾದದ ದೊಡ್ಡ ಪಾಲು ಇರುವುದು ಚರ್ಮದ ಹದದಲ್ಲಿ, ಪದರ ಪದರವಾಗಿ ಕರಣೆ ಉಜ್ಜಿದ ಕೈಯಲ್ಲಿ. ಗೂಡು ಗಟ್ಟಿಯಾಗಿದ್ದು ಒಳಗಿನ ಆಕಾರ ಸರಿ ಇದ್ದರೆ ಹಲಸೋ ಫೈಬರೋ ಅನ್ನುವುದು ಆಮೇಲಿನ ಮಾತು.

ಚೆಂಡೆ ಕಥೆ ಬೇರೆ. ಅದಕ್ಕೆ ಕರಣೆ ಇಲ್ಲ, ಕೋಲಿನ ಪೆಟ್ಟು. ಅಲ್ಲಿ ಪ್ಲಾಸ್ಟಿಕ್ ಬಂದರೆ ನನ್ನ ಕಿವಿಗೆ ಅಷ್ಟು ಕಿರಿಕಿರಿ ಆಗಲಿಕ್ಕಿಲ್ಲ. (ಚೆಂಡೆಯವರು ಬೈಯಬೇಡಿ.)

ಹಾಗಂತ ಪ್ಲಾಸ್ಟಿಕ್ ಮುಚ್ಚಿಗೆಯೇ ತಪ್ಪು ಅನ್ನುವವನೂ ನಾನಲ್ಲ. ಬೆಂಗಳೂರಿನ ಎಂಜಿನಿಯರ್, ಸಂಗೀತಗಾರ ಕೆ. ವರದರಂಗನ್ ಫೈಬರ್ ಗೂಡು, ಕೃತಕ ಮುಚ್ಚಿಗೆ ಎರಡೂ ಇರುವ ಮೃದಂಗವನ್ನೇ ಮಾಡಿದ್ದಾರೆ. ಮಳೆಯಲ್ಲಿ ಮನೆಮನೆ ತಿರುಗುವ ಭಾವನಿಗೆ ಅಂಥದ್ದೇ ಸರಿ. ನನ್ನ ತಕರಾರು "ಮಳೆಗೆ ಒಳ್ಳೇದು" ಅಂತ ಬರೀ ಫೈಬರ್ ಗೂಡು ಮಾರುವವರ ಬಗ್ಗೆ. ಗೂಡು ನೆನೆಯಲಿಕ್ಕಿಲ್ಲ ನಿಜ, ಮೇಲಿರುವ ಚರ್ಮ ನೆನೆಯುತ್ತದಲ್ಲ ಸ್ವಾಮಿ!

ಪರಂಪರೆ ಹಾಳಾಯಿತು ಅನ್ನುವವರಿಗೂ ಒಂದು ಮಾತು. ಪುತ್ತೂರಿನ ಬಾಲವನದಲ್ಲಿದ್ದ ಶಿವರಾಮ ಕಾರಂತರು ಯಕ್ಷಗಾನಕ್ಕೆ ವಯಲಿನ್, ಸ್ಯಾಕ್ಸೋಫೋನ್ ತಂದಾಗ ಟೀಕೆ ಬಂದಿತ್ತು. ಆದರೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬಂದದ್ದು ಎಷ್ಟು ಜನಕ್ಕೆ ಗೊತ್ತಾಯಿತು? ಬಯಲಾಟದಲ್ಲಿ ನಮ್ಮ ಕಿವಿಗೆ ಬೀಳುವುದು ಮೈಕು, ಮಿಕ್ಸರು, ಆಳೆತ್ತರದ ಸೌಂಡ್ ಬಾಕ್ಸು ದಾಟಿ ಬಂದ ಮದ್ದಳೆ. ಅದರ ಮುಂದೆ ಕೂತು ಹಲಸಿನ ಮರದ ನಾದ ಅಂತ ಜಗಳ ಮಾಡುತ್ತೇವೆ.

ನನಗೆ ಹೆದರಿಕೆ ಇರುವುದು ಬೇರೆಯದಕ್ಕೆ. ಸೀಳಿನ ಬಗ್ಗೆ ಕೇಳಲಿಕ್ಕೆ ಮಾವನ ಜೊತೆ ಆ ಮುಚ್ಚಿಗೆ ಮಾಡುವವರ ಮನೆಗೆ ಹೋಗಿದ್ದೆ. ಅವರ ಮಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಈ ಕೆಲಸ ಕಲಿತಿಲ್ಲ. ಕಲಿಯಲಿಲ್ಲ ಅಂತ ಬೇಸರವಾ ಅಂತ ಕೇಳಿದೆ. "ಎಂತಕ್ಕೆ ಬೇಸರ? ಈ ವಾಸನೆ, ಈ ಸಂಪಾದನೆ, ಅವನಿಗೆ ಎಂತಕ್ಕೆ?" ಅಂದ್ರು. ಟಿ.ಎಂ. ಕೃಷ್ಣ 2020ರಲ್ಲಿ ಮೃದಂಗ ಮಾಡುವವರ ಬಗ್ಗೆಯೇ 'ಸೆಬಾಸ್ಟಿಯನ್ ಆ್ಯಂಡ್ ಸನ್ಸ್' ಅಂತ ಇಡೀ ಒಂದು ಪುಸ್ತಕ ಬರೆದರು. ನಮ್ಮ ಕಡೆ ಆಟದ ಕರಪತ್ರದಲ್ಲಿ ಭಾಗವತರ ಹೆಸರು, ಚೆಂಡೆ ಮದ್ದಳೆಯವರ ಹೆಸರು, ಊಟ ಹಾಕಿಸಿದವರ ಹೆಸರು ಎಲ್ಲ ಇರುತ್ತದೆ. ಮುಚ್ಚಿಗೆ ಮಾಡಿದವರ ಹೆಸರು ನಾನಂತೂ ಒಂದರಲ್ಲೂ ನೋಡಿಲ್ಲ. ಮುಚ್ಚಿಗೆಗೆ ರೇಟು ಹೇಳಿದಾಗ ಚೌಕಾಸಿ ಮಾಡುವವರೂ ನಾವೇ. ಮಾವನೂ ಮಾಡಿದರು, ನಾನು ಅಲ್ಲೇ ಇದ್ದೆ. ಹೊಸ ಕಳಸಿಗೆಗೆ ಕೊಡಲಿಕ್ಕೆ ತಯಾರಿರುವ ದುಡ್ಡಿನಲ್ಲಿ ಸ್ವಲ್ಪವಾದರೂ ಅವರ ಕೈಗೆ ಹೋದರೆ ಪಕ್ಕದ ಮನೆ ಹುಡುಗನಾದರೂ ಕಲಿತಾನೋ ಏನೋ.

ಅವರು ಸೀಳಿನ ಮೇಲೆ ಬೆರಳಾಡಿಸಿ, ಕಿವಿ ಹತ್ತಿರ ತಂದು ಎರಡು ಸಲ ತಟ್ಟಿದರು. "ಪಟ್ಟಿ ಹಾಕಿದ್ರೆ ಇನ್ನೂ ಬರ್ತದೆ ಇದು. ಮುಚ್ಚಿಗೆ ಮಾತ್ರ ಈಗ ಆಗ್ಲಿಕ್ಕಿಲ್ಲ, ಚರ್ಮ ಒಣಗ್ಬೇಕಲ್ಲ. ಮಳೆ ಬಿಡ್ಲಿ, ನವರಾತ್ರಿ ಕಳೆದು ಬನ್ನಿ."

ಬರುವಾಗ ದಾರಿಯಲ್ಲಿ ಮಾವ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ ಮಾತ್ರ, "ಅವರು ಹೇಳಿದ ರೇಟೇ ಕೊಡುವ ಅಲ್ವಾ?" ಅಂದ್ರು.