125 ಎಕ್ಸ್ ಜೂಮ್ ಇದ್ದರೆ ಡಿಎಸ್‌ಎಲ್‌ಆರ್ ಬೇಡವೇ? ಕ್ಯಾಮೆರಾ ಕೊಳ್ಳುವ ಮುನ್ನ ತಿಳಿಯಬೇಕಾದ ಬೆಳಕಿನ ಲೆಕ್ಕ

ಆಕಾಶದಲ್ಲಿ ಬಟ್ಟಿನಷ್ಟು ಕಾಣುವ ಚಂದ್ರ. ಕ್ಯಾಮೆರಾದ ಗುಂಡಿ ಒತ್ತಿ ಹಿಡಿದರೆ ಹತ್ತಿರ, ಇನ್ನೂ ಹತ್ತಿರ, ಕೊನೆಗೆ ಪರದೆಯ ತುಂಬ ಚಂದ್ರನ ಕುಳಿಗಳು. ಇಂಥ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಜೊತೆಗೆ, ಈ ಕ್ಯಾಮೆರಾದ ಮುಂದೆ ಲಕ್ಷ ರೂಪಾಯಿಯ ಡಿಎಸ್‌ಎಲ್‌ಆರ್ ಕೂಡ ಏನೂ ಅಲ್ಲ ಎಂಬ ಅರ್ಥದ ಒಂದು ಸಾಲು. ಇದಕ್ಕೆ ತದ್ವಿರುದ್ಧವಾದ ಮಾತೂ ಅಷ್ಟೇ ಓಡಾಡುತ್ತದೆ: ಲೆನ್ಸ್ ಬಿಚ್ಚಲಾಗದ ಕ್ಯಾಮೆರಾ ಬರೀ ಆಟಿಕೆ, ನಿಜವಾದ ಫೋಟೊ ಬೇಕಾದರೆ ಡಿಎಸ್‌ಎಲ್‌ಆರ್ ಒಂದೇ ದಾರಿ.

ಇವನ್ನು ನಂಬಿ ದುಡ್ಡು ಹಾಕುವವರು ಕೇವಲ ಶೋಕಿಗೆ ಕೊಳ್ಳುವವರಲ್ಲ. ನಾಮಕರಣ, ಗೃಹಪ್ರವೇಶಗಳ ಫೋಟೊ ತೆಗೆದು ದುಡಿಮೆ ಶುರು ಮಾಡೋಣವೆಂದು ಸಾಲ ಮಾಡಿದ ಹುಡುಗ ಇರುತ್ತಾನೆ. ನಿವೃತ್ತಿಯ ಹಣದಲ್ಲಿ ಸ್ವಲ್ಪ ತೆಗೆದಿಟ್ಟು ಹಕ್ಕಿ ನೋಡಲು ಹೊರಟ ಮೇಷ್ಟ್ರು ಇರುತ್ತಾರೆ. ಇಬ್ಬರೂ ಒಂದೇ ಫಾರ್ವರ್ಡ್ ನಂಬಿದರೆ ಒಬ್ಬರಿಗಂತೂ ನಷ್ಟ ಖಚಿತ. ಯಾಕೆ ಎಂಬುದನ್ನು ನೋಡೋಣ.

ಎರಡೂ ಕ್ಯಾಮೆರಾಗಳ ವ್ಯತ್ಯಾಸವೇನು?

ಡಿಎಸ್‌ಎಲ್‌ಆರ್ ಎಂದರೆ ಲೆನ್ಸ್ ಬದಲಾಯಿಸಬಹುದಾದ, ಒಳಗೆ ಕನ್ನಡಿ ಇರುವ ಕ್ಯಾಮೆರಾ. ಲೆನ್ಸ್‌ನಿಂದ ಬಂದ ಬೆಳಕನ್ನು ಆ ಕನ್ನಡಿ ನಿಮ್ಮ ಕಣ್ಣಿನ ಕಡೆಗೆ ತಿರುಗಿಸುತ್ತದೆ. ಕ್ಲಿಕ್ ಮಾಡಿದಾಗ ಕನ್ನಡಿ ಮೇಲೆದ್ದು ಬೆಳಕು ಸೆನ್ಸರ್ ಮೇಲೆ ಬೀಳುತ್ತದೆ. 2018ರಲ್ಲಿ ಬಂದ ಕ್ಯಾನನ್ 1500ಡಿ, ನಿಕಾನ್ ಡಿ3500 ಆರಂಭಿಕ ಮಟ್ಟದ ಡಿಎಸ್‌ಎಲ್‌ಆರ್‌ಗಳು. ಎರಡೂ 24 ಮೆಗಾಪಿಕ್ಸೆಲ್‌ನವು. ಇವುಗಳ ಜೊತೆ ಸಾಮಾನ್ಯವಾಗಿ 18-55 ಮಿ.ಮೀ. ಲೆನ್ಸ್ ಒಂದು ಬರುತ್ತದೆ. ಅದನ್ನೇ ಕಿಟ್ ಲೆನ್ಸ್ ಎನ್ನುತ್ತಾರೆ.

ಬ್ರಿಜ್ ಕ್ಯಾಮೆರಾ ನೋಡಲು ಡಿಎಸ್‌ಎಲ್‌ಆರ್‌ನಂತೆಯೇ ಇದ್ದರೂ ಅದರ ಲೆನ್ಸ್ ಬಿಚ್ಚಲು ಬರುವುದಿಲ್ಲ. ಜೇಬಿನ ಪುಟ್ಟ ಕ್ಯಾಮೆರಾಕ್ಕೂ ಡಿಎಸ್‌ಎಲ್‌ಆರ್‌ಗೂ ನಡುವಿನ ಸೇತುವೆ ಎಂಬ ಅರ್ಥದಲ್ಲಿ ಆ ಹೆಸರು. 2015ರ ನಿಕಾನ್ ಪಿ900ರಲ್ಲಿ 83 ಎಕ್ಸ್, 2018ರ ಪಿ1000ರಲ್ಲಿ 125 ಎಕ್ಸ್ ಜೂಮ್ ಇದೆ. ಚಂದ್ರನ ವಿಡಿಯೊಗಳಿಗೆ ಹೆಸರಾದವು ಇವೇ.

ಅಂದಹಾಗೆ, ಬ್ರಿಜ್ ಕ್ಯಾಮೆರಾ ಯಾವಾಗಲೂ ಹಗುರ ಎಂಬುದೂ ನಿಜವಲ್ಲ. ಪಿ1000ರ ತೂಕ ಸುಮಾರು 1.4 ಕಿಲೋ. ಕಿಟ್ ಲೆನ್ಸ್ ಸಮೇತ ಡಿ3500 ಅದರ ಅರ್ಧಕ್ಕಿಂತ ಕಡಿಮೆ ತೂಗುತ್ತದೆ.

‘ಎಕ್ಸ್’ ಹೇಳುವುದು ದೂರವನ್ನಲ್ಲ

ಎಕ್ಸ್ ಎಂಬುದು ಬರೀ ಭಾಗಾಕಾರ. ಲೆನ್ಸ್‌ನ ಅತಿ ಉದ್ದದ ಫೋಕಲ್ ಲೆಂತ್ ಅನ್ನು, ಅಂದರೆ ಶಾಲೆಯಲ್ಲಿ ಓದಿದ ಸಂಗಮ ದೂರವನ್ನು, ಅತಿ ಕಡಿಮೆಯದರಿಂದ ಭಾಗಿಸಿದರೆ ಸಿಗುವ ಸಂಖ್ಯೆ. 18-55 ಲೆನ್ಸ್ ಸುಮಾರು 3 ಎಕ್ಸ್. ಹಕ್ಕಿ ಫೋಟೊಗ್ರಾಫರ್‌ಗಳು ಹೊತ್ತು ತಿರುಗುವ, ಎರಡು ಕಿಲೋ ಹತ್ತಿರ ತೂಗುವ 150-600 ಲೆನ್ಸ್ ಬರೀ 4 ಎಕ್ಸ್! ಎಕ್ಸ್ ಕಡಿಮೆ ಎಂದ ಮಾತ್ರಕ್ಕೆ ಅದು ದೂರದ್ದನ್ನು ಹಿಡಿಯುವುದಿಲ್ಲ ಎಂದಲ್ಲ.

ದೂರ ಹೋಲಿಸಬೇಕಾದರೆ ‘35 ಮಿ.ಮೀ. ಸಮಾನ’ ಎಂಬ ಅಳತೆ ನೋಡಬೇಕು. ಆ ಲೆಕ್ಕದಲ್ಲಿ ನಿಕಾನ್‌ನ ಕಿಟ್ ಲೆನ್ಸ್ 82ಕ್ಕೆ ನಿಲ್ಲುತ್ತದೆ. ಪಿ900 2000ಕ್ಕೆ, ಪಿ1000 3000ಕ್ಕೆ ಹೋಗುತ್ತವೆ. 2000ದಲ್ಲಿ ಚಂದ್ರ ಚೌಕಟ್ಟಿನ ಎತ್ತರದ ಮುಕ್ಕಾಲು ಭಾಗ ತುಂಬುತ್ತಾನೆ. 3000ದಲ್ಲಿ ಚೌಕಟ್ಟಿನಲ್ಲಿ ಹಿಡಿಸುವುದೇ ಇಲ್ಲ. ಆದ್ದರಿಂದ ಚಂದ್ರನ ವಿಡಿಯೊ ಸುಳ್ಳಲ್ಲ. ಅದರಿಂದ ನಾವು ಎಳೆಯುವ ತೀರ್ಮಾನ ಮಾತ್ರ ತಪ್ಪು.

ಇಷ್ಟು ಚಿಕ್ಕ ಕ್ಯಾಮೆರಾಕ್ಕೆ ಇಷ್ಟು ದೊಡ್ಡ ಜೂಮ್ ಬಂದದ್ದು ಹೇಗೆ? ಉತ್ತರ ಸೆನ್ಸರ್‌ನಲ್ಲಿದೆ. ಇಂಥ ಬ್ರಿಜ್ ಕ್ಯಾಮೆರಾಗಳ ಸೆನ್ಸರ್ ಸುಮಾರು 6.2 ಮಿ.ಮೀ. ಉದ್ದ, 4.6 ಮಿ.ಮೀ. ಅಗಲ, ಹೆಚ್ಚುಕಡಿಮೆ ಒಂದು ಕಡಲೆಬೇಳೆಯಷ್ಟು. ನಿಕಾನ್ ಡಿ3500ರದ್ದು 23.5 x 15.6 ಮಿ.ಮೀ., ಒಂದು ಸಣ್ಣ ಅಂಚೆಚೀಟಿಯಷ್ಟು. ವಿಸ್ತೀರ್ಣದಲ್ಲಿ 13 ಪಟ್ಟು ವ್ಯತ್ಯಾಸ. ಸೆನ್ಸರ್ ಚಿಕ್ಕದಾದಷ್ಟೂ ಅದು ನೋಟದ ನಡುವಿನ ಸಣ್ಣ ತುಣುಕನ್ನಷ್ಟೇ ಹಿಡಿಯುತ್ತದೆ. ಹಾಗಾಗಿ ಪಿ900ರಲ್ಲಿ 357 ಮಿ.ಮೀ. ಲೆನ್ಸೇ 2000ದ ಕೆಲಸ ಮಾಡುತ್ತದೆ.

ಈಗ ನಿಮ್ಮ ಕೈಯಲ್ಲಿರುವ ಫೋನಿಗೆ ಬನ್ನಿ. ಇಂದಿನ ಎಷ್ಟೋ ಫೋನ್‌ಗಳ ಮುಖ್ಯ ಕ್ಯಾಮೆರಾದ ಸೆನ್ಸರ್ ಈ ಕಡಲೆಬೇಳೆಗಿಂತ ದೊಡ್ಡದು. ಮನೆಯೊಳಗೆ ಮಗುವಿನ ಫೋಟೊ ಚೆನ್ನಾಗಿ ಬರಲಿ ಎಂದು ಸೂಪರ್‌ಜೂಮ್ ಕೊಂಡರೆ ಫೋನಿಗಿಂತ ಮೇಲಾದ ಫೋಟೊ ಸಿಗುತ್ತದೆ ಎಂಬ ಖಾತ್ರಿ ಇಲ್ಲ.

ಮಳೆಯಲ್ಲಿಟ್ಟ ಪಾತ್ರೆ

ಮಳೆ ಬರುವಾಗ ಅಂಗಳದಲ್ಲಿ ಒಂದು ಲೋಟ, ಒಂದು ಪರಾತ ಇಡಿ. ಅಷ್ಟೇ ಹೊತ್ತಿನಲ್ಲಿ ಪರಾತದಲ್ಲಿ ಹೆಚ್ಚು ನೀರು ಸೇರುತ್ತದೆ, ಬಾಯಿ ಅಗಲವಿರುವುದರಿಂದ. ಕ್ಯಾಮೆರಾಕ್ಕೆ ಬೆಳಕು ಸೇರುವುದೂ ಹೀಗೆಯೇ. ಆ ಬಾಯಿಯ ಅಗಲ ತಿಳಿಯಲು ಫೋಕಲ್ ಲೆಂತ್ ಅನ್ನು ಲೆನ್ಸ್ ಮೇಲೆ ಬರೆದಿರುವ ಎಫ್ ಸಂಖ್ಯೆಯಿಂದ ಭಾಗಿಸಿದರೆ ಸಾಕು.

ಮೊದಲು ಜೂಮ್ ಮಾಡದ, ಅಗಲ ನೋಟದ ಲೆಕ್ಕ. ಪಿ900ರಲ್ಲಿ 4.3 ಮಿ.ಮೀ. ಅನ್ನು 2.8ರಿಂದ ಭಾಗಿಸಿದರೆ ಸುಮಾರು 1.5 ಮಿ.ಮೀ. ಡಿಎಸ್‌ಎಲ್‌ಆರ್ ಕಿಟ್ ಲೆನ್ಸ್‌ನಲ್ಲಿ 18ನ್ನು 3.5ರಿಂದ ಭಾಗಿಸಿದರೆ ಸುಮಾರು 5.1 ಮಿ.ಮೀ. ಬಾಯಿಯ ವಿಸ್ತೀರ್ಣ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಅದೇ ನೋಟಕ್ಕೆ ಡಿಎಸ್‌ಎಲ್‌ಆರ್ ಸುಮಾರು 11 ಪಟ್ಟು ಹೆಚ್ಚು ಬೆಳಕು ಕೂಡಿಸುತ್ತದೆ. ಕಲ್ಯಾಣ ಮಂಟಪದ ಟ್ಯೂಬ್‌ಲೈಟ್ ಬೆಳಕಿನಲ್ಲಿ ಒಂದು ಫೋಟೊ ಸ್ವಚ್ಛವಾಗಿ, ಇನ್ನೊಂದು ಕಾಳುಕಾಳಾಗಿ ಬರಲು ಇದೇ ಕಾರಣ.

ಈಗ ದೂರದ ಹಕ್ಕಿಯ ಲೆಕ್ಕ. ಪಿ900ರ ತುತ್ತತುದಿಯಲ್ಲಿ 357ನ್ನು 6.5ರಿಂದ ಭಾಗಿಸಿದರೆ 55 ಮಿ.ಮೀ. ಹೊಸಬರು ಕೊಳ್ಳುವ 70-300 ಲೆನ್ಸ್‌ಗಳಲ್ಲಿ 300ರ ತುದಿಯಲ್ಲಿ ಸಿಗುವುದು 48ರಿಂದ 54 ಮಿ.ಮೀ. ಅಂದರೆ ಇಲ್ಲಿ ಎರಡೂ ಸರಿಸಮ! ಹಗಲು ಬೆಳಕಿನಲ್ಲಿ ದೂರ ಕುಳಿತ ಹಕ್ಕಿಯ ಮಟ್ಟಿಗೆ ಬ್ರಿಜ್ ಕ್ಯಾಮೆರಾ ಆಟಿಕೆ ಅಲ್ಲವೇ ಅಲ್ಲ. ಡಿಎಸ್‌ಎಲ್‌ಆರ್ ಒಂದೇ ದಾರಿ ಎನ್ನುವ ಫಾರ್ವರ್ಡ್ ಸುಳ್ಳಾಗುವುದು ಇಲ್ಲಿ.

ಚಂದ್ರನ ಫೋಟೊ ಏಕೆ ದಾರಿ ತಪ್ಪಿಸುತ್ತದೆ?

ರಾತ್ರಿ ತೆಗೆದ ಫೋಟೊ ಇಷ್ಟು ಸ್ಪಷ್ಟವಾಗಿದೆ ಎಂದರೆ ಕತ್ತಲಲ್ಲೂ ಕ್ಯಾಮೆರಾ ಚೆನ್ನಾಗಿದೆ ಎಂದು ಅನ್ನಿಸುವುದು ಸಹಜ. ಆದರೆ ಕತ್ತಲು ಇರುವುದು ನಾವು ನಿಂತ ಜಾಗದಲ್ಲಿ. ನಮಗೆ ಕಾಣುವ ಚಂದ್ರನ ಮೈ ಮೇಲೆ ಬಿದ್ದಿರುವುದು ನೇರ ಬಿಸಿಲು. ಅದು ಬಿಸಿಲಲ್ಲಿ ನಿಂತ ಬಂಡೆಯ ಫೋಟೊ ತೆಗೆದಂತೆಯೇ. ಮದುವೆ ಮಂಟಪದೊಳಗಿನ ಬೆಳಕು ಬಿಸಿಲಿಗಿಂತ ನೂರಾರು ಪಟ್ಟು ಕಡಿಮೆ. ಚಂದ್ರನನ್ನು ಗೆದ್ದ ಕ್ಯಾಮೆರಾ ಆರತಕ್ಷತೆಯಲ್ಲಿ ಸೋಲುವುದು ಇದರಿಂದ.

ಮೆಗಾಪಿಕ್ಸೆಲ್ ಹೆಚ್ಚಾದರೆ ಸರಿಹೋಗದೇ?

ಇಲ್ಲ. ಕಿಂಡಿಯ ಮೂಲಕ ಹಾದು ಬಂದ ಬೆಳಕು ಚುಕ್ಕಿಯಾಗಿ ಬೀಳದೆ ಸ್ವಲ್ಪ ಹರಡಿಕೊಳ್ಳುತ್ತದೆ. ಇದು ಬೆಳಕಿನ ಸ್ವಭಾವ, ಕಂಪನಿಯ ದೋಷವಲ್ಲ. ಪಿ900ರ ತುದಿ ಜೂಮ್‌ನಲ್ಲಿ ಹಸಿರು ಬೆಳಕಿನ ಒಂದು ಚುಕ್ಕಿ ಸುಮಾರು 8.7 ಮೈಕ್ರಾನ್ ಅಗಲಕ್ಕೆ ಹರಡುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅದರ 16 ಮೆಗಾಪಿಕ್ಸೆಲ್ ಸೆನ್ಸರ್‌ನ ಒಂದೊಂದು ಪಿಕ್ಸೆಲ್ ಅಗಲ ಸುಮಾರು 1.3 ಮೈಕ್ರಾನ್ ಮಾತ್ರ. ಒಂದೇ ಚುಕ್ಕಿ ಆರು ಪಿಕ್ಸೆಲ್ ಅಗಲಕ್ಕೆ ಹರಡಿದ ಮೇಲೆ ಪಿಕ್ಸೆಲ್ ಎಷ್ಟು ಹೆಚ್ಚಿಸಿದರೂ ಹೊಸ ವಿವರ ಹುಟ್ಟುವುದಿಲ್ಲ. ಇದರ ಮೇಲೆ ಬೇಸಿಗೆಯ ಮಧ್ಯಾಹ್ನ ನೆಲದಿಂದೇಳುವ ಬಿಸಿಗಾಳಿಯ ಅಲೆ. ಅರ್ಧ ಕಿಲೋಮೀಟರ್ ಆಚೆಯ ಬೋರ್ಡು ನೀರಿನಲ್ಲಿ ಅದ್ದಿದಂತೆ ಅಲುಗುತ್ತದೆ. ಯಾವ ಕ್ಯಾಮೆರಾವೂ ಅದನ್ನು ಸರಿಪಡಿಸಲಾರದು.

ಹಾಗಾದರೆ ಯಾರಿಗೆ ಯಾವುದು?

ಮೇಷ್ಟ್ರ ವಿಷಯ ಮೊದಲು. ರಂಗನತಿಟ್ಟಿನಲ್ಲಿ ಬೆಳಗಿನ ಬಿಸಿಲಲ್ಲಿ ಬಂಡೆಯ ಮೇಲೆ ಕುಳಿತ ಕೊಕ್ಕರೆ, ಮೈ ಚಾಚಿ ಮಲಗಿದ ಮೊಸಳೆ, ಮನೆ ಹಿಂದಿನ ಮರದ ತುದಿಯ ಹಕ್ಕಿ, ಇವು ಬೇಕಾದರೆ ಬ್ರಿಜ್ ಕ್ಯಾಮೆರಾ ಒಳ್ಳೆಯ ಆಯ್ಕೆ. ಲೆನ್ಸ್ ಬದಲಾಯಿಸುವ ಗೋಜಿಲ್ಲ, ಮತ್ತೆ ಖರ್ಚಿಲ್ಲ. ಒಂದು ಮಿತಿ ಮಾತ್ರ ಗೊತ್ತಿರಲಿ: ಹಾರುವ ಹಕ್ಕಿಯನ್ನು ಹಿಂಬಾಲಿಸಿ ಫೋಕಸ್ ಮಾಡುವುದರಲ್ಲಿ ಡಿಎಸ್‌ಎಲ್‌ಆರ್ ಚುರುಕು. ಪಿ900, ಪಿ1000ರಂಥವು ತಡವರಿಸುತ್ತವೆ.

ಫೋಟೊದಿಂದ ದುಡಿಯಬೇಕೆಂದಿರುವ ಹುಡುಗನಿಗೆ ಡಿಎಸ್‌ಎಲ್‌ಆರ್ ಸರಿ. ಅವನ ಕೆಲಸವೆಲ್ಲ ಮನೆಯೊಳಗೆ, ಮಂಟಪದೊಳಗೆ, ರಾತ್ರಿಯ ಯಕ್ಷಗಾನದ ಚೌಕಿಯೊಳಗೆ. ಕಿಟ್ ಲೆನ್ಸ್ ಜೊತೆ 50 ಮಿ.ಮೀ., ಎಫ್ 1.8 ಲೆನ್ಸ್ ಒಂದು ಸೇರಿಸಿದರೆ ಬೆಳಕಿನ ಬಾಯಿ 28 ಮಿ.ಮೀ. ಆಗುತ್ತದೆ. ಅದೇ ನೋಟಕ್ಕೆ ಪಿ900ಕ್ಕೆ ಸಿಗುವ ಬೆಳಕಿನ ಕನಿಷ್ಠ 30 ಪಟ್ಟು. ಮುಖ ಸ್ಪಷ್ಟವಾಗಿದ್ದು ಹಿನ್ನೆಲೆ ಮೃದುವಾಗಿ ಮಸುಕಾಗುವ ಚಿತ್ರ ಬರುವುದೂ ಈ ಅಗಲದ ಬಾಯಿಯಿಂದಲೇ. ಎಲ್ಲ ಲೆನ್ಸ್‌ಗಳ ನಡುವೆ ಇದು ಅಗ್ಗದವುಗಳಲ್ಲಿ ಒಂದು.

ಇನ್ನೂ ಗೊಂದಲವಿದ್ದರೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಮುಂದಿನ ಎರಡು ವರ್ಷದಲ್ಲಿ ಎರಡನೇ ಲೆನ್ಸ್ ಕೊಳ್ಳುತ್ತೇನೆಯೇ? ಕೊಳ್ಳುವುದಿಲ್ಲ ಎಂದಾದರೆ ಹಕ್ಕಿಗಾಗಿ ಡಿಎಸ್‌ಎಲ್‌ಆರ್ ತರಬೇಡಿ. ಬರೀ 18-55ರಲ್ಲಿ ಮರದ ತುದಿಯ ಹಕ್ಕಿ ಎಳ್ಳಿನಷ್ಟೇ ಕಾಣುವುದು.

ಡಿಎಸ್‌ಎಲ್‌ಆರ್ ಕಾಲ ಮುಗಿಯಿತೇ?

ಕ್ಯಾನನ್ ಮತ್ತು ನಿಕಾನ್ ಕಂಪನಿಗಳು 2020ರ ನಂತರ ಹೊಸ ಡಿಎಸ್‌ಎಲ್‌ಆರ್ ಮಾದರಿ ತಂದಿಲ್ಲ. ಅವುಗಳ ಗಮನವೆಲ್ಲ ಈಗ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಮೇಲೆ. ಹಾಗೆಂದು ಇರುವ ಡಿಎಸ್‌ಎಲ್‌ಆರ್ ಕೆಟ್ಟ ಫೋಟೊ ತೆಗೆಯಲು ಶುರು ಮಾಡುವುದಿಲ್ಲ. ಬದಲಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕ್ಯಾಮೆರಾ, ಲೆನ್ಸ್ ಎರಡೂ ಧಾರಾಳವಾಗಿ ಸಿಗುತ್ತವೆ. ಕೊಳ್ಳುವಾಗ ಮೂರು ಸಂಗತಿ ನೋಡಿ.

ಒಂದು, ನಿಕಾನ್ ಡಿ3500ರಂಥ ಆರಂಭಿಕ ಮಾದರಿಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಮೋಟರ್ ಇಲ್ಲದ ಹಳೆಯ ಲೆನ್ಸ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಕೈಯಲ್ಲೇ ಫೋಕಸ್ ತಿರುಗಿಸಬೇಕಾಗುತ್ತದೆ. ಎರಡು, ಮಿರರ್‌ಲೆಸ್‌ಗಾಗಿ ಬಂದ ಹೊಸ ಲೆನ್ಸ್‌ಗಳು ಡಿಎಸ್‌ಎಲ್‌ಆರ್‌ಗೆ ಕೂರುವುದಿಲ್ಲ. ಡಿಎಸ್‌ಎಲ್‌ಆರ್‌ನ ಲೆನ್ಸ್‌ಗಳನ್ನು ಅಡಾಪ್ಟರ್ ಹಾಕಿ ಅದೇ ಕಂಪನಿಯ ಮಿರರ್‌ಲೆಸ್‌ನಲ್ಲಿ ಬಳಸಬಹುದು, ಆದರೆ ಯಾವ ಲೆನ್ಸ್‌ಗೆ ಆಟೋಫೋಕಸ್ ನಡೆಯುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಮೂರು, ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಬೂಷ್ಟು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬ್ಯಾಗಿನಲ್ಲೇ ಮುಚ್ಚಿಟ್ಟ ಕ್ಯಾಮೆರಾಕ್ಕೆ ಇದು ಬೇಗ ಹಿಡಿಯುತ್ತದೆ. ಬ್ರಿಜ್ ಕ್ಯಾಮೆರಾಕ್ಕೆ ಹಿಡಿದರೆ ಲೆನ್ಸ್ ಬದಲಾಯಿಸುವ ಅವಕಾಶವೂ ಇಲ್ಲ. ಗಾಳಿಯಾಡದ ಡಬ್ಬಿ, ಅದರಲ್ಲಿ ಒಂದಿಷ್ಟು ಸಿಲಿಕಾ ಜೆಲ್ ಇಟ್ಟರೆ ಎರಡಕ್ಕೂ ರಕ್ಷಣೆ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ

ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಅಂಗಡಿಯ ಮಬ್ಬು ಮೂಲೆಯಲ್ಲಿ ಜೊತೆಗೆ ಬಂದವರನ್ನು ನಿಲ್ಲಿಸಿ, ಫ್ಲ್ಯಾಶ್ ಇಲ್ಲದೆ ಎರಡೂ ಕ್ಯಾಮೆರಾಗಳಲ್ಲಿ ಅವರ ಮುಖದ ಫೋಟೊ ತೆಗೆಯಿರಿ. ನಿಮ್ಮ ಫೋನಿನಲ್ಲೂ ಒಂದು ತೆಗೆಯಿರಿ. ಆಮೇಲೆ ಬಾಗಿಲಿಗೆ ಬಂದು ರಸ್ತೆಯಾಚೆಯ ಬೋರ್ಡನ್ನು ಪೂರ್ತಿ ಜೂಮ್ ಮಾಡಿ ಹಿಡಿಯಿರಿ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚೆಂದವೇ. ಆದ್ದರಿಂದ ಅಲ್ಲೇ ತೀರ್ಮಾನಿಸದೆ ಮನೆಗೆ ಬಂದು ಟಿವಿ ಅಥವಾ ಕಂಪ್ಯೂಟರಿನಲ್ಲಿ ಹಾಕಿ ನೋಡಿ. ಮೂಲೆಯ ಫೋಟೊ ನಿಮಗೆ ಮುಖ್ಯವೋ, ಬೋರ್ಡಿನ ಫೋಟೊವೋ? ನಿಮ್ಮ ಕ್ಯಾಮೆರಾ ಯಾವುದೆಂದು ಆ ಉತ್ತರವೇ ಹೇಳುತ್ತದೆ.

ಚಂದ್ರನ ವಿಡಿಯೊ ಮತ್ತೆ ಬಂದರೆ ನೋಡಿ ಸಂತೋಷಪಡಿ, ಬೇಕಾದರೆ ಹಂಚಿಕೊಳ್ಳಿ. ಆದರೆ ಯಾರಾದರೂ ಅದನ್ನು ತೋರಿಸಿ ಇದನ್ನೇ ಕೊಳ್ಳುತ್ತೇನೆ ಎಂದರೆ, ನೀವು ಫೋಟೊ ತೆಗೆಯುವ ಜಾಗದಲ್ಲಿ ಬೆಳಕು ಎಷ್ಟಿರುತ್ತದೆ ಎಂದು ಒಮ್ಮೆ ಕೇಳಿ. ಸಾಲ ಮಾಡಿ ಕೊಳ್ಳುವವರಿಗಂತೂ ಈ ಪ್ರಶ್ನೆಯನ್ನು ತಪ್ಪದೆ ಕೇಳಿ.