ಗುಡ್ಡ ಹತ್ತುವ ಇಂಗ್ಲಿಷ್

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. 1840ರ ದಶಕದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದ ಫಿಲಿಪ್ ಮೆಡೋಸ್ ಟೇಲರ್ ವಾಸವಿದ್ದ ಬಂಗಲೆ ಅದು. ಇವತ್ತು ಒಬ್ಬ ಹುಡುಗ ಓಡುತ್ತ ಆ ಗುಡ್ಡ ಹತ್ತಿದರೆ ಅದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ‘ಹಿ ಕ್ಲೈಂಬ್ಡ್ ದ ಹಿಲ್ ರನ್ನಿಂಗ್’ ಎಂದು ಬರೆಯುವ ಮಕ್ಕಳೇ ಹೆಚ್ಚು. ಇಂಗ್ಲಿಷರ ಬಾಯಲ್ಲಿ ಅದು ‘ಹಿ ರ‍್ಯಾನ್ ಅಪ್ ದ ಹಿಲ್’.

ಇಲ್ಲಿ ಎರಡು ಭಾಷೆಗಳ ಒಳಗಟ್ಟು ಬೇರೆಯಾಗುತ್ತದೆ. ಕನ್ನಡದಲ್ಲಿ ಚಲನೆಯ ದಿಕ್ಕು ಕ್ರಿಯಾಪದದಲ್ಲೇ ಇದೆ: ಹತ್ತಿದ, ಇಳಿದ, ಮರಳಿದ, ದಾಟಿದ. ರೀತಿಯನ್ನು ಹೇಳಲು ‘ಓಡುತ್ತ’, ‘ತೂರಾಡುತ್ತ’, ‘ಬಿರಬಿರನೆ’ ಬೇಕು. ಇಂಗ್ಲಿಷಿನಲ್ಲಿ ಇದು ತಿರುವುಮುರುವು. ರೀತಿ ಕ್ರಿಯಾಪದಕ್ಕೆ ಸೇರುತ್ತದೆ, ದಿಕ್ಕು ಅಪ್, ಡೌನ್, ಬ್ಯಾಕ್, ಅವೇ ಎಂಬ ಪುಟ್ಟ ಪದಗಳಿಗೆ ಬೀಳುತ್ತದೆ. ‘ಹಿ ರ‍್ಯಾನ್ ಅಪ್’ ಎಂದಷ್ಟೇ ಹೇಳಿದರೆ ಆ ‘ಅಪ್’ ಸಾಕ್ಷಾತ್ ಕ್ರಿಯಾವಿಶೇಷಣ. ಅಮೆರಿಕದ ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ 1985ರಲ್ಲೇ ಈ ಬಗೆಯ ವ್ಯತ್ಯಾಸವನ್ನು ವಿವರಿಸಿದ್ದರು. ಸ್ಪ್ಯಾನಿಷ್ ಕೂಡ ಈ ವಿಷಯದಲ್ಲಿ ಕನ್ನಡದ ಕಡೆಗೇ ನಿಲ್ಲುತ್ತದೆ.

ಆದರೆ ತರಗತಿಯಲ್ಲಿ ಕ್ರಿಯಾವಿಶೇಷಣವೆಂದರೆ ‘ಲಿ’ ಎಂದು ಮುಗಿಯುವ ಪದಗಳ ಬಾಯಿಪಾಠ. ಸ್ಲೋಲಿ, ಕ್ವಿಕ್ಲಿ, ಸಡನ್ಲಿ. ಅದರ ಫಲವೇ ಎಲ್ಲೆಡೆ ಕೇಳುವ ‘ರ‍್ಯಾನ್ ಫಾಸ್ಟ್ಲಿ’. ಇಂಗ್ಲಿಷಿನಲ್ಲಿ ‘ಫಾಸ್ಟ್’ ಎಂದರೆ ಸಾಕು, ‘ಫಾಸ್ಟ್ಲಿ’ ಎಂಬ ಪದ ಬಳಕೆಯಲ್ಲಿಲ್ಲ.

ಪದಗಳ ಜಾಗವೂ ಕಾಡುತ್ತದೆ. ‘ಹುಡುಗಿ ನಿನ್ನೆ ಸಂತೆಗೆ ಬಿರಬಿರನೆ ನಡೆದಳು’ ಎಂಬ ವಾಕ್ಯದಲ್ಲಿ ಕಾಲ, ಸ್ಥಳ, ರೀತಿ, ಕೊನೆಗೆ ಕ್ರಿಯೆ. ಇಂಗ್ಲಿಷಿನಲ್ಲಿ ‘ದ ಗರ್ಲ್ ವಾಕ್ಡ್ ಬ್ರಿಸ್ಕ್ಲಿ ಟು ದ ಮಾರ್ಕೆಟ್ ಯೆಸ್ಟರ್‌ಡೇ’. ಕರ್ತೃವೊಂದನ್ನು ಬಿಟ್ಟು ಉಳಿದದ್ದೆಲ್ಲ ಕೊನೆಯಿಂದ ಮೊದಲಿಗೆ! ಇದನ್ನು ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ತೋರಿಸಲು ಐದು ನಿಮಿಷ ಸಾಕು.

ಸುರಪುರದ ಕಡೆಯ ಮಕ್ಕಳಿಗೆ ಚಲನೆಯ ಪದಗಳ ಬಡತನವಿಲ್ಲ. ಲಗೂನ, ಜಲ್ದಿ, ಸಾವಕಾಶ, ದಡದಡ ಎಲ್ಲವೂ ನಾಲಿಗೆಯ ತುದಿಯಲ್ಲಿವೆ. ‘ದಡದಡ’ದಂಥ ಅನುಕರಣ ಪದಗಳಿಗೆ 13ನೇ ಶತಮಾನದ ವೈಯಾಕರಣ ಕೇಶಿರಾಜನೇ ತನ್ನ ವ್ಯಾಕರಣದಲ್ಲಿ ಜಾಗ ಕೊಟ್ಟಿದ್ದಾನೆ. ಶಾಲೆ ಮಾತ್ರ ಇವನ್ನು ಹೊರಗಿಟ್ಟು ಇಂಗ್ಲಿಷ್ ಕಲಿಸುತ್ತದೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಸುರಪುರ ಇರುವ ಯಾದಗಿರಿ ರಾಜ್ಯದ ಕೊನೆಯ ಜಿಲ್ಲೆ. ಅದಕ್ಕೆ ವ್ಯಾಕರಣ ಪಾಠವೊಂದೇ ಕಾರಣವಲ್ಲ, ನಿಜ. ಆದರೆ ಮಗುವಿನ ಮಾತಿನಿಂದ ಪಾಠ ಶುರುಮಾಡಲು ಹೊಸ ಕಟ್ಟಡವೂ ಬೇಡ, ಅನುದಾನವೂ ಬೇಡ.

ಪಾಠ ಅಂಗಳದಲ್ಲೇ ಆಗಲಿ. ಒಬ್ಬ ಕಾಲೆಳೆಯುತ್ತ ನಡೆಯಲಿ, ಒಬ್ಬಳು ತೂರಾಡಲಿ, ಇನ್ನೊಬ್ಬ ಮೆಟ್ಟಿಲು ಇಳಿದು ಓಡಲಿ. ನೋಡಿದವರು ಮೊದಲು ತಮ್ಮ ಕನ್ನಡದಲ್ಲಿ ಹೇಳಲಿ. ಟ್ರಜ್, ಸ್ಟ್ಯಾಗರ್, ರನ್ ಡೌನ್ ಎಂಬ ಪದಗಳನ್ನು ಶಿಕ್ಷಕರು ಕೊಡಬೇಕಾದದ್ದು ಆಮೇಲೆ.